ಗಾಡಿಯ ಹೊಸ್ತಿಲು

ನಮ್ಮ ಮನೆಯವರ ಎಡಗೈ ಗಾಡಿಯ ಬಾಗಿಲ ಹಿಡಿಯ ಮೇಲೆ ಕೂತು ಆಗಲೇ ಒಂದು ಮಳೆಗಾಲ ಕಳೆದಿತ್ತು. ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಕೂಡಲೇ ಆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಗಾಂಧಿ ಬಜಾರಿನಲ್ಲಿ ಹೂವಿನವರ ಮುಂದೆ ತೆವಳುತ್ತಿದ್ದಾಗಲೂ ಅಲ್ಲೇ, ತ್ಯಾಗರಾಜನಗರದಲ್ಲಿ ನಾದಿನಿಯ ಮನೆ ಮುಂದೆ ಗಾಡಿ ನಿಲ್ಲಿಸಿ ಅವಳಿಗೆ ಕಾಯುತ್ತಿದ್ದಾಗಲೂ ಅಲ್ಲೇ. ಸಿಗ್ನಲ್ಲಿನಲ್ಲಿ ನಿಂತರೆ ಒಂದು ಸಲ ಮೆಲ್ಲಗೆ ‘ಟಕ್’ ಎಂದು ಹಿಡಿಯನ್ನು ಎಳೆದು ನೋಡುವರು. ಬಾಗಿಲು ಬೆರಳಷ್ಟು ತೆರೆದುಕೊಳ್ಳುವುದು, ನನ್ನ ಮುಂದಿನ ಮೀಟರಿನಲ್ಲಿ ಕೆಂಪು ದೀಪ ಹತ್ತುವುದು, ಇವರು ಬಾಗಿಲನ್ನು ಮತ್ತೆ ಎಳೆದು ಹಾಕಿಕೊಳ್ಳುವರು. ದೀಪ ಹತ್ತಿದ್ದು ಇಬ್ಬರಿಗೂ ಗೊತ್ತು. ಇಬ್ಬರೂ ಏನೂ ಆಗದವರ ಹಾಗೆ ಮುಂದಿನ ಆಟೋದ ಬೆನ್ನನ್ನು ನೋಡುತ್ತಾ ಕೂರುತ್ತಿದ್ದೆವು.

ಗಾಡಿ ನನ್ನದು. ಮುಂದೆ ನಾಲ್ಕು ಬಾಗಿಲು, ಹಿಂದೆ ಸಾಮಾನು ತುಂಬುವ ತೊಟ್ಟಿ ಇರುವ ಎತ್ತರದ ಪಿಕಪ್. ಶಂಕರಪುರದ ನಮ್ಮ ಹಳೆಯ ಮನೆಗೆ ಪೋರ್ಟಿಕೋ ಕಟ್ಟಿಸಿದವರು ಒಂದು ಸಣ್ಣ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿದ್ದರು. ಹಾಗಾಗಿ ಪಿಕಪ್ಪಿನ ಮೂಗು ಕಿಟಕಿಯ ಸರಳಿಗೆ ತಾಗುವಂತೆ ನಿಲ್ಲಿಸಿದರೂ ಅದರ ಹಿಂಭಾಗ ಗೇಟಿಗೆ ಒತ್ತಿಕೊಂಡಿರುತ್ತದೆ. ಗೇಟು ಹಾಕುವಾಗ ನಾವೇ ಉಸಿರು ಬಿಗಿ ಹಿಡಿಯುತ್ತೇವೆ. ‘ಏನ್ ಮೇಡಂ, ತರಕಾರಿ ಮಂಡಿ ಇಟ್ರಾ?’ ಎಂದು ಬೀದಿಯವರೆಲ್ಲ ಒಂದೊಂದು ಸಲ ಕೇಳಿ ಮುಗಿಸಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಗಸು ಇಂಥ ಗಾಡಿ ಯಾಕೆ ಇಟ್ಟುಕೊಂಡಿದ್ದಾಳೆ ಎಂಬುದಕ್ಕೆ ನಾನು ಯಾರಿಗೂ ಸಮಜಾಯಿಷಿ ಕೊಡಲು ಹೋಗಿಲ್ಲ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದರಿಂದ ಎರಡನೆಯ ಸಲ ಕೇಳಿದವರೂ ಕಮ್ಮಿ.

ನಮ್ಮ ಮನೆಯವರಿಗೆ ವೀರಗಲ್ಲು ಹುಡುಕುವ ಹುಚ್ಚು. ವಾರವಿಡೀ ಸರ್ಕಾರಿ ಆಫೀಸಿನಲ್ಲಿ ಫೈಲು ನೋಡಿ, ಭಾನುವಾರ ಬಂತೆಂದರೆ ಯಾವುದೋ ಹೊಲದ ಬದುವಿನಲ್ಲಿ ಅರ್ಧ ಹೂತುಹೋದ, ಕತ್ತಿ ಹಿರಿದ ವೀರನ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಖುಷಿಪಡುವ ಮನುಷ್ಯ. ನನಗೆ ಆ ಕಲ್ಲುಗಳೆಲ್ಲ ಒಂದೇ ಥರ ಕಾಣುತ್ತವೆ. ನನಗಿರುವುದು ಗಾಡಿ ಓಡಿಸುವ ಹುಚ್ಚು, ಅದರಲ್ಲೂ ರಸ್ತೆಯೇ ಇಲ್ಲದ ಕಡೆ. ಟಾರು ರಸ್ತೆಯ ಪಕ್ಕದಲ್ಲಿ ವೀರಗಲ್ಲು ಸಿಗುವುದು ಅಪರೂಪವಾದ್ದರಿಂದ ನಮ್ಮ ಸಂಸಾರ ಸುಖವಾಗಿ ನಡೆದಿತ್ತು.

ಹಾಗೆ ಹೊರಟ ಒಂದು ಭಾನುವಾರ ಮಾಗಡಿಯಾಚೆ ಒಣಗಿದ ಹಳ್ಳವೊಂದನ್ನು ದಾಟುತ್ತಿದ್ದೆವು. ಮುಂದಿನ ಎಡ ಚಕ್ರ ಬಂಡೆಯ ಮೇಲಿಂದ ಜಾರಿತು. ಗಾಡಿ ಎಡಕ್ಕೆ ವಾಲಿ, ಬಾಗಿಲುಗಳ ಕೆಳಗಿನ ತಗಡಿನ ಅಂಚು ಬಂಡೆಯ ಮೇಲೆ ಕೂತಿತು. ಖಾಲಿ ಎಣ್ಣೆ ಡಬ್ಬವನ್ನು ತುಳಿದ ಹಾಗೆ ಸದ್ದಾಯಿತು. ಅದರ ಹಿಂದೆಯೇ ಡೀಸೆಲ್ ವಾಸನೆ. ತೊಟ್ಟಿಯಲ್ಲಿದ್ದ ಕ್ಯಾನು ಉರುಳಿ ಮುಚ್ಚಳ ಸಡಿಲವಾಗಿತ್ತು ಅಷ್ಟೇ ಎಂದು ಆಮೇಲೆ ತಿಳಿಯಿತು, ಆದರೆ ಆ ಗಳಿಗೆಯಲ್ಲಿ ನಮಗೆ ತಿಳಿದದ್ದು ವಾಸನೆ ಮಾತ್ರ. ಇವರು ಬಾಗಿಲು ಎಳೆದರು. ಟಕ್. ಮತ್ತೆ ಎಳೆದರು. ಟಕ್. ಅಂಚು ಮಡಿಸಿಕೊಂಡು ಬಾಗಿಲನ್ನು ಕಚ್ಚಿ ಹಿಡಿದಿತ್ತು. ಟಕ್, ಟಕ್, ಟಕ್ ಎಂದು ಅವರು ಎಳೆಯುತ್ತಲೇ ಇದ್ದರು, ಮುಖ ಬಿಳಿಚಿಕೊಂಡಿತ್ತು. ನಾನು ನನ್ನ ಕಡೆಯ ಬಾಗಿಲನ್ನು ಮೇಲಕ್ಕೆ ದೂಡಿ ಹೊರಗೆ ಹತ್ತಿಕೊಂಡು, ಅವರ ರಟ್ಟೆ ಹಿಡಿದು ಎಳೆದೆ. ಗೇರ್ ಕಡ್ಡಿಗೆ ಸಿಕ್ಕಿ ಪ್ಯಾಂಟು ಹರಿಯಿತು. ಹೊರಗೆ ಬಿದ್ದ ಮೇಲೆ ಇಬ್ಬರೂ ಹಳ್ಳದ ಮರಳಿನಲ್ಲಿ ಕೂತು ಗಾಡಿಯನ್ನು ನೋಡಿದೆವು. ಬೆಂಕಿ ಹತ್ತಲಿಲ್ಲ, ಏನೂ ಆಗಲಿಲ್ಲ. ಪಕ್ಕದ ಹೊಲದವರು ಬಂದು ಮರದ ದಿಮ್ಮಿ ಕೊಟ್ಟು ಗಾಡಿ ಎಬ್ಬಿಸಿದರು.

ಮನೆಗೆ ಬಂದು ಇವರು ತಮ್ಮ ತಾಯಿಗೆ ಹೇಳಿದ್ದು ಇಷ್ಟೇ: ‘ಕಲ್ಲಿಗೆ ತಾಗ್ತು.’

ಗ್ಯಾರೇಜಿನವರು ತಗಡು ಎಳೆದು, ಬಾಗಿಲು ಸರಿ ಮಾಡಿ, ಬಣ್ಣ ಹೊಡೆದು ಹೊಸದರಂತೆ ಮಾಡಿಕೊಟ್ಟರು. ಇವರ ಕೈಗೆ ಮಾತ್ರ ಯಾವ ಗ್ಯಾರೇಜೂ ಇರಲಿಲ್ಲ. ‘ಭಯ ಆಗುತ್ತಾ?’ ಎಂದು ಕೇಳಿದರೆ ‘ಏನಿಲ್ವಲ್ಲ’ ಎನ್ನುವರು. ಭಾನುವಾರ ಹೋಗೋಣವೇ ಎಂದರೆ ಆಫೀಸಿನ ಕೆಲಸ ಬಾಕಿ ಇದೆ ಎನ್ನುವರು. ಒಂದೆರಡು ಸಲ ಹೋದೆವು. ಮಣ್ಣಿನ ದಾರಿ ಶುರುವಾದ ಕೂಡಲೇ ಆ ಕೈ ಬಿಗಿಯುತ್ತಿತ್ತು, ಗೆಣ್ಣುಗಳು ಬೆಳ್ಳಗಾಗುತ್ತಿದ್ದವು. ನಾನೇ ಏನೋ ನೆಪ ಹೇಳಿ ಗಾಡಿ ತಿರುಗಿಸಿದೆ. ಒಬ್ಬಳೇ ಹೋಗಬಹುದಿತ್ತು. ಆದರೆ ಪಕ್ಕದಲ್ಲಿ ಕೂತು ‘ಸ್ವಲ್ಪ ಬಲಕ್ಕೆ, ಬಲಕ್ಕೆ, ಸಾಕು’ ಎನ್ನುವವರಿಲ್ಲದೆ ಅಂಥ ದಾರಿಯಲ್ಲಿ ನನಗೇನು ಕೆಲಸ? ದೀಪಾವಳಿಯೊಳಗೆ ಈ ಕೈ ಅಲ್ಲಿಂದ ಇಳಿಯದಿದ್ದರೆ ಗಾಡಿ ಮಾರಿಬಿಡುತ್ತೇನೆ ಎಂದು ನನ್ನೊಳಗೇ ನಿರ್ಧಾರ ಮಾಡಿದೆ. ಯಾರಿಗೂ ಹೇಳಲಿಲ್ಲ.

ಇದಕ್ಕೆ ಮದ್ದು ಇಂಗ್ಲಿಷ್ ವಿಡಿಯೋಗಳಲ್ಲಿ ಸಿಕ್ಕಿತು. ರಾಕ್ ಸ್ಲೈಡರ್ ಎನ್ನುತ್ತಾರೆ. ನೋಡಲು ಜೀಪಿನ ಕಾಲುಮೆಟ್ಟಿಲಿನಂತೆ ಇರುತ್ತದೆ, ಆದರೆ ಮೆಟ್ಟಿಲು ನಮ್ಮ ಕಾಲಿಗೆ, ಇದು ಕಲ್ಲಿಗೆ. ಬಾಗಿಲುಗಳ ಕೆಳಗೆ ಉದ್ದಕ್ಕೆ ಒಂದು ದಪ್ಪ ಕಬ್ಬಿಣದ ಪೈಪು. ಅದರಿಂದ ಒಳಕ್ಕೆ ಹೊರಟ ಕಾಲುಗಳು ಗಾಡಿಯ ಬೆನ್ನುಮೂಳೆಯಾದ ಚಾಸಿಯನ್ನು ಹಿಡಿದುಕೊಂಡಿರುತ್ತವೆ. ಬಂಡೆ ಎದ್ದು ಬಂದರೆ ಮೊದಲು ಸಿಗುವುದು ಪೈಪು. ಭಾರವೆಲ್ಲ ಚಾಸಿಗೆ ಹೋಗುತ್ತದೆ, ಬಾಗಿಲಿನ ಅಂಚಿಗೆ ಏನೂ ತಾಗುವುದಿಲ್ಲ. ಕಾರಿನ ಅಲಂಕಾರದ ಅಂಗಡಿಗಳಲ್ಲಿ ಕೇಳಿದರೆ ಥಳಥಳ ಹೊಳೆಯುವ ಟೊಳ್ಳು ಪೈಪು ತೋರಿಸಿದರು. ಅದು ಪಾನಿಪೂರಿಯವನ ಗಾಡಿಗೆ ಸರಿ. ನಮ್ಮ ಮಾಡೆಲ್ಲಿಗೆ ಒಪ್ಪುವ ನಿಜವಾದದ್ದು ಎಲ್ಲೂ ಸಿಗಲಿಲ್ಲ. ಸರಿ, ನಾನೇ ಮಾಡಿಸುತ್ತೇನೆ ಎಂದುಕೊಂಡೆ. ಚಾಸಿಗೆ ನೇರವಾಗಿ ವೆಲ್ಡಿಂಗ್ ಮಾಡಿಸುವುದು ಬೇಡ, ಬಿಸಿಗೆ ಅಲ್ಲಿನ ಕಬ್ಬಿಣ ಕೆಡುತ್ತದೆ. ಚಾಸಿಯಲ್ಲಿ ಕಂಪನಿಯವರೇ ಬಿಟ್ಟಿರುವ ತೂತುಗಳಿಗೆ ಬೋಲ್ಟ್ ಹಾಕಿ ಬಿಗಿಯುವ ಹಾಗಿರಬೇಕು. ಬೇಡವಾದಾಗ ಬಿಚ್ಚಿ ಪಕ್ಕಕ್ಕಿಡಬಹುದು.

ದಸರಾ ರಜೆಯ ಒಂದು ಬೆಳಿಗ್ಗೆ ಪೋರ್ಟಿಕೋದಲ್ಲಿ ಚಾಪೆ ಹಾಸಿಕೊಂಡು ಗಾಡಿಯ ಕೆಳಗೆ ತೂರಿದೆ. ಟೈಲರ್ ಟೇಪಿನಲ್ಲಿ ಅಳತೆ ತೆಗೆದು, ಫ್ರಿಜ್ಜಿನ ಹಳೆಯ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಉದ್ದದ ಪೈಪು ಎಲ್ಲಿ, ಕಾಲುಗಳು ಎಲ್ಲೆಲ್ಲಿ, ಯಾವ ಓರೆಯಲ್ಲಿ ಎಂದು ಒಂದು ಅಚ್ಚು ಮಾಡಿದೆ. ಚಾಸಿಯ ತೂತುಗಳು ಸಮ ದೂರದಲ್ಲಿರಲಿಲ್ಲವಾದ್ದರಿಂದ ಮುಂದಿನ ಕಾಲುಗಳು ಹತ್ತಿರ ಹತ್ತಿರ, ಹಿಂದಿನದು ದೂರ ಬಂತು. ಎಡಕ್ಕೂ ಬಲಕ್ಕೂ ಅಳತೆ ಒಂದೇ. ಎಡಗಡೆಯದಕ್ಕೆ ಅಚ್ಚನ್ನು ಹಾಗೇ ಇಡುವುದು, ಬಲಗಡೆಯದಕ್ಕೆ ದೋಸೆ ಮಗುಚಿದ ಹಾಗೆ ಮಗುಚಿ ಇಡುವುದು. ಪ್ರತಿ ವರ್ಷ ಮಕ್ಕಳಿಗೆ ಕನ್ನಡಿ ಹಿಡಿದು ಪ್ರತಿಬಿಂಬದ ಪಾಠ ಮಾಡುವವಳು ನಾನು, ಇದರಲ್ಲೇನಿದೆ ಕಷ್ಟ?

ಅಷ್ಟರಲ್ಲಿ ಅತ್ತೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರಿಗೆ ಎಂಬತ್ತು ದಾಟಿದ್ದರೂ ಮನೆಯಲ್ಲಿ ಅವರಿಗೆ ಗೊತ್ತಿಲ್ಲದೆ ಒಂದು ಮೊಳೆ ಹೊಡೆಯುವಂತಿಲ್ಲ.

‘ಏನೇ ಅದು ರಟ್ಟು ಹರಡಿಕೊಂಡು?’

ಚಾಸಿ, ಸ್ಲೈಡರ್ ಎಂದೆಲ್ಲ ಶುರು ಮಾಡಿ ಕಷ್ಟವಾಯಿತು. ಕೊನೆಗೆ, ‘ಮನೆ ಬಾಗಿಲಿಗೆ ಹೊಸ್ತಿಲು ಇರಲ್ವಾ ಅತ್ತೆ, ಹಾಗೆ ಗಾಡಿ ಬಾಗಿಲಿಗೂ ಕೆಳಗಡೆ ಹೊಸ್ತಿಲು ಇರುತ್ತೆ. ಅವತ್ತು ಕಲ್ಲು ತಾಗಿದ್ದು ಅದಕ್ಕೇನೆ. ಈಗ ಕಬ್ಬಿಣದ್ದು ಗಟ್ಟಿಯಾಗಿ ಹಾಕಿಸ್ತಿದೀನಿ’ ಎಂದೆ.

‘ಹಾಗೆ ಹೇಳು ಮತ್ತೆ. ಹೊಸ್ತಿಲು ಅಂದ್ರೆ ಸುಮ್ನೆ ಆಯ್ತಾ?’ ಎಂದು ಅತ್ತೆ ಒಳಗೆ ಹೋದರು. ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದರು. ದಿನ ಬೆಳಗಾದರೆ ಮನೆಯ ಹೊಸ್ತಿಲಿಗೆ ಹಚ್ಚುವ ಹಾಗೆ ರಟ್ಟಿನ ಉದ್ದಕ್ಕೂ ಅರಿಶಿನ ಸವರಿ, ಕುಂಕುಮದ ಬೊಟ್ಟಿಟ್ಟು, ನಡುವೆ ದೊಡ್ಡದಾಗಿ ‘ಶ್ರೀ’ ಎಂದು ಬರೆದರು. ಒಂದು ದಾಸವಾಳವನ್ನೂ ಇಟ್ಟರು. ಮಗನ ಕೈ ಬಾಗಿಲಿನ ಹಿಡಿಯ ಮೇಲಿರುವುದು ಅವರ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ ಗೊತ್ತಿಲ್ಲ. ಕೈ ಮುಗಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ನಿಂತಿದ್ದರು.

ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ಗೇಟು ಮಾಡಿದ ಗ್ರಿಲ್ ಅಂಗಡಿಯವರಿದ್ದಾರೆ. ಕಿಟಕಿ ಗ್ರಿಲ್ಲು, ಗೇಟು, ಮಹಡಿ ಮೆಟ್ಟಿಲಿನ ಕಂಬಿ ಅವರ ಕೆಲಸ. ನವಿಲು ಎಂದರೆ ಅವರಿಗೆ ಪ್ರಾಣ, ಅವರು ಮಾಡಿದ ಗೇಟಿನಲ್ಲೆಲ್ಲ ಒಂದಾದರೂ ನವಿಲು ಇರುತ್ತದೆ. ಅಚ್ಚು ತೋರಿಸಿದೆ. ಅವರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿ, ‘ಮಾಡೋಣ ಮೇಡಂ, ಆನೆ ಹತ್ತಿದ್ರೂ ಬಗ್ಗಬಾರದು ಹಾಗೆ ಮಾಡೋಣ’ ಎಂದರು. ಸ್ವಲ್ಪ ಹೊತ್ತು ಗಲ್ಲ ಕೆರೆದುಕೊಂಡು, ‘ಪ್ಲೇನ್ ಪೈಪು ಬಣಬಣ ಅನ್ಸುತ್ತೆ. ತುದೀಲಿ ಒಂದೊಂದು ನವಿಲು ಕೂರಿಸ್ಲಾ?’ ಎಂದು ಕೇಳಿದರು.

‘ನವಿಲು ಗಿವಿಲು ಏನೂ ಬೇಡ. ಎಡಗಡೆಗೆ ಅಚ್ಚು ಹೀಗೇ ಇಟ್ಕೊಳ್ಳಿ, ಬಲಗಡೆಗೆ ಮಗುಚಿ ಇಟ್ಕೊಳ್ಳಿ. ಅರ್ಥ ಆಯ್ತಾ?’

‘ಆಯ್ತು ಮೇಡಂ, ಎಡಗೈ ಬಲಗೈ ಇದ್ದಂಗೆ.’

ಎಷ್ಟು ಚೆನ್ನಾಗಿ ಹೇಳಿದರು ಎಂದು ನನಗೆ ಮೆಚ್ಚುಗೆಯಾಯಿತು. ಸಿಟಿ ಮಾರ್ಕೆಟ್ಟಿನ ಹಿಂದಿನ ಕಬ್ಬಿಣದ ಅಂಗಡಿಯಿಂದ ದಪ್ಪ ಗೋಡೆಯ ಪೈಪು, ಪ್ಲೇಟು, ಗಟ್ಟಿ ಬೋಲ್ಟು ಎಲ್ಲ ತರಿಸಿಕೊಟ್ಟೆ. ರಜೆ ಮುಗಿದು ಶಾಲೆಯಲ್ಲಿ ಪೇಪರು ತಿದ್ದುವ ಕೆಲಸ ಬಿತ್ತು, ಆ ಕಡೆ ತಲೆ ಹಾಕಲು ಆಗಲಿಲ್ಲ.

ರೆಡಿಯಾಗಿದೆ ಎಂದು ಫೋನು ಬಂದ ಶನಿವಾರ ಮಧ್ಯಾಹ್ನ ಇವರನ್ನೂ ಎಬ್ಬಿಸಿಕೊಂಡು ಹೋದೆ. ‘ನಾನ್ಯಾಕೆ?’ ಎಂದರು. ‘ಕೂತ್ಕೊಳ್ಳೋರು ನೀವೇ ತಾನೇ, ಬಂದು ನೋಡಿ’ ಎಂದೆ. ದಾರಿಯುದ್ದಕ್ಕೂ ಕೈ ಅದರ ಜಾಗದಲ್ಲೇ ಇತ್ತು.

ಅಂಗಡಿಯ ಮುಂದೆ ಎರಡು ಸ್ಲೈಡರುಗಳು ರೆಡ್ ಆಕ್ಸೈಡ್ ಬಳಿದುಕೊಂಡು ಗೋಡೆಗೆ ಒರಗಿದ್ದವು. ನೋಡಿ ನನ್ನ ಮನಸ್ಸು ತುಂಬಿತು. ಎಡಗಡೆಯದನ್ನು ಇಬ್ಬರು ಎತ್ತಿ ಹಿಡಿದರು, ಜಾಕಿನ ಮೇಲೆ ಕೂರಿಸಿದರು, ತೂತಿಗೆ ತೂತು ಸರಿಯಾಗಿ ಕೂತಿತು. ಬೋಲ್ಟುಗಳು ಬರಿಗೈಯಲ್ಲೇ ಒಳಗೆ ಹೋದವು. ಪೈಪಿಗೂ ತಗಡಿನ ಅಂಚಿಗೂ ನಡುವೆ ನಾನು ಹೇಳಿದ್ದಂತೆ ಎರಡು ಬೆರಳಿನ ಸಂದು. ಇವರು ಬಗ್ಗಿ ಆ ಸಂದಿನಲ್ಲಿ ತಮ್ಮ ಬೆರಳು ಆಡಿಸಿ ನೋಡಿದರು.

ಬಲಗಡೆಯದು ಕೂರಲಿಲ್ಲ. ಮುಂದಿನ ಕಾಲು ತೂತಿಗೆ ಬಂದರೆ ಹಿಂದಿನದು ಗಾಳಿಯಲ್ಲಿ, ಹಿಂದಿನದು ಬಂದರೆ ಮುಂದಿನದು ಗಾಳಿಯಲ್ಲಿ. ತಲೆಕೆಳಗು ಮಾಡಿದರೆ ಕಾಲುಗಳೇನೋ ತೂತಿಗೆ ಬಂದವು, ಆದರೆ ಮೇಲ್ಮುಖವಾಗಿರಬೇಕಾದ ಅವುಗಳ ಓರೆ ಕೆಳಮುಖವಾಗಿ ಪೈಪು ನೆಲಕ್ಕೆ ಜೋತುಬಿತ್ತು. ಅಂಗಡಿಯವರು ಬೆವರು ಒರಸಿಕೊಂಡು, ‘ನಿಮ್ ಗಾಡೀನೇ ಸೊಟ್ಟ ಇದೆ ಮೇಡಂ, ಆ ಕಲ್ಲೇಟಿಗೆ’ ಎಂದರು. ಇವರ ಮುಖ ಕಪ್ಪಿಟ್ಟಿತು. ಚಾಸಿಯೇ ಬಗ್ಗಿದ್ದರೆ ಇನ್ನು ಮಾತೇ ಇಲ್ಲ. ಇವರನ್ನು ಮತ್ತೆ ಹತ್ತಿಸುವ ಆಸೆಯನ್ನೂ ಅಲ್ಲೇ ಬಿಡಬೇಕು, ಗಾಡಿಯನ್ನೂ ತೂಕಕ್ಕೆ ಹಾಕಬೇಕು.

ಟೇಪು ತೆಗೆದು ಎರಡೂ ಬದಿ ಅಳೆದೆ. ಚಾಸಿ ಸರಿಯಾಗಿಯೇ ಇತ್ತು. ಆಮೇಲೆ ಸ್ಲೈಡರನ್ನು ನೆಲದ ಮೇಲೆ ಇಟ್ಟು ದೂರ ನಿಂತು ನೋಡಿದೆ. ಅದು ಬಲಗಡೆಯದೇ ಅಲ್ಲ. ಇನ್ನೊಂದು ಎಡಗಡೆಯದು.

‘ಮಗುಚಿ ಅಂತ ಹೇಳಿದ್ನಲ್ಲ!’ ಎಂದು ನಾನು ಕೂಗಿದ್ದಕ್ಕೆ ಎದುರಿನ ಅಂಗಡಿಯವರೂ ಆಚೆ ಬಂದರು. ‘ಎಡಗೈ ಬಲಗೈ ಅಂತ ನೀವೇ ಅಂದ್ರಲ್ಲ, ಈಗ ಎರಡೂ ಎಡಗೈ ಮಾಡಿಟ್ಟಿದೀರ!’

ಅಂಗಡಿಯವರು ಒಳಗೆ ಕೈ ತೋರಿಸಿದರು. ಗೋಡೆಯ ಮೇಲೆ ದೇವರ ಪಟ, ಪಟದ ಪಕ್ಕದಲ್ಲಿ ಮೊಳೆಗೆ ನನ್ನ ರಟ್ಟಿನ ಅಚ್ಚು. ಅದರ ಸಂದಿನಲ್ಲಿ ಊದುಬತ್ತಿಯ ಕಡ್ಡಿ. ಅತ್ತೆಯ ‘ಶ್ರೀ’ ಇನ್ನೂ ಕೆಂಪಗೆ ಹೊಳೆಯುತ್ತಿತ್ತು.

‘ಮಗುಚೋಕೆ ಅಂತಾನೇ ಎತ್ಕೊಂಡೆ ಮೇಡಂ. ನೆಲ ನೋಡಿ ಹೆಂಗಿದೆ, ಕಬ್ಬಿಣದ ಪುಡಿ, ಎಣ್ಣೆ, ಎಲ್ರ ಚಪ್ಪಲಿ. ಅದರ ಮೇಲೆ ಶ್ರೀಕಾರಾನ ಬೋರಲು ಹಾಕೋಕೆ ಕೈ ಬರಲಿಲ್ಲ. ಹಿಂದು ಮುಂದು ತಿರುಗಿಸಿ ಇಟ್ಕೊಂಡೆ. ಎರಡೂ ಒಂದೇ ಅಲ್ವಾ ಅನ್ನಿಸ್ತು.’

‘ಒಂದೇ ಹೇಗಾಗುತ್ತೆ? ಒಂದು ರಟ್ಟನ್ನ ಮಗುಚೋಕೆ ಇಷ್ಟೊಂದು ಕಥೇನಾ?’ ಎಂದು ನಾನೇ ಮೊಳೆಯಿಂದ ಅಚ್ಚನ್ನು ಇಳಿಸಿ ಹೊರಗೆ ತಂದೆ. ನೆಲದ ಹತ್ತಿರ ಬಗ್ಗಿದೆ. ಅಲ್ಲೇ ನಿಂತುಬಿಟ್ಟೆ.

ಕಪ್ಪು ನೆಲ, ಅದರ ಮೇಲೆ ಯಾರದೋ ಚಪ್ಪಲಿಯ ಗುರುತು. ಕೈಯಲ್ಲಿ ಅತ್ತೆಯ ಅರಿಶಿನ. ತರಗತಿಯಲ್ಲಿ ನಾನು ರೇಗಿದರೆ ಹುಡುಗರು ಸೀಮೆಸುಣ್ಣ ಬಿದ್ದರೂ ಎತ್ತುವುದಿಲ್ಲ, ಅಂಥವಳು ಒಂದು ರಟ್ಟಿನ ಚೂರನ್ನು ಬೋರಲು ಹಾಕಲಾರದೆ ಬಗ್ಗಿಕೊಂಡೇ ಇದ್ದೆ. ಸೊಂಟ ನೋಯತೊಡಗಿತು.

‘ಹಾಕು ನೋಡೋಣ’ ಎಂದರು ನಮ್ಮ ಮನೆಯವರು.

ತಿರುಗಿ ನೋಡಿದೆ. ಅವರ ತುಟಿಯ ಮೂಲೆಯಲ್ಲಿ ನಗು. ಆ ಹಳ್ಳದಿಂದ ಬಂದ ಮೇಲೆ ಗಾಡಿಯ ಸುತ್ತಮುತ್ತ ಅವರು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ‘ನೀವೇ ಹಾಕಿ ಬೇಕಾದ್ರೆ’ ಎಂದು ಅಚ್ಚನ್ನು ಅವರ ಕಡೆಗೆ ಚಾಚಿದೆ. ಅವರು ಎರಡು ಹೆಜ್ಜೆ ಹಿಂದಕ್ಕೆ ಹೋದರು. ‘ನನ್ನ ಕೈಲಾಗಲ್ಲಪ್ಪ, ಅಮ್ಮನಿಗೆ ಫೋನ್ ಮಾಡ್ತೀನಿ.’

ಸ್ಪೀಕರಿನಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಇನ್ನೊಂದು ರಟ್ಟು ಕತ್ತರಿಸಬಹುದು ಎಂಬುದು ಅಲ್ಲಿದ್ದ ಯಾರ ತಲೆಗೂ ಬಂದಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

‘ಅಯ್ಯೋ, ನಿಮಗೆಲ್ಲ ಬುದ್ಧಿ ಎಲ್ಲಿ ಹೋಗಿದ್ಯೋ’ ಎಂದರು ಅತ್ತೆ. ‘ಗೌರಿ ಕೂರಿಸ್ತೀವಿ, ಕಳಶ ಇಡ್ತೀವಿ, ಪೂಜೆ ಆದ್ಮೇಲೆ ಹಾಗೇ ಬಿಟ್ಬಿಡ್ತೀವಾ? ಒಂಚೂರು ಉತ್ತರಕ್ಕೆ ಕದಲಿಸಿ ವಿಸರ್ಜನೆ ಮಾಡಲ್ವಾ? ಅದನ್ನೂ ಹಾಗೇ ಕದಲಿಸಿ, ಒದ್ದೆ ಬಟ್ಟೇಲಿ ಒರಸಿಬಿಡಿ. ಆಮೇಲೆ ಅದು ಬರೀ ರಟ್ಟು, ಹೆಂಗ್ ಬೇಕಾದ್ರೂ ಮಗುಚ್ಕೊಳ್ಳಿ.’

ಅಂಗಡಿಯವರು ಚಪ್ಪಲಿ ಬಿಟ್ಟು, ಕೈ ತೊಳೆದು ಬಂದರು. ಅಚ್ಚನ್ನು ಒಂದು ಪೇಪರಿನ ಮೇಲಿಟ್ಟು, ಉತ್ತರ ಯಾವ ಕಡೆ ಎಂದು ಎದುರಿನ ಅಂಗಡಿಯವರನ್ನು ಕೇಳಿ ಖಾತ್ರಿ ಮಾಡಿಕೊಂಡು, ಆ ಕಡೆಗೆ ಗೆಣ್ಣಿನಷ್ಟು ಸರಿಸಿದರು. ಒದ್ದೆ ಬಟ್ಟೆಯಲ್ಲಿ ಒರಸಿದರು. ರಟ್ಟಿನ ಮೇಲೆ ಹಳದಿ ಕಲೆ ಮಾತ್ರ ಉಳಿಯಿತು. ಅದನ್ನು ಮಗುಚಿ ಹಾಕಿದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು.

‘ಸರಿ, ಇದರ ಕಾಲು ಕತ್ತರಿಸಿ ಈ ಕಡೆಗೆ ಮತ್ತೆ ವೆಲ್ಡ್ ಮಾಡ್ಬಿಡ್ತೀನಿ, ಸಾಯಂಕಾಲದೊಳಗೆ ಆಗುತ್ತೆ’ ಎಂದು ಅಂಗಡಿಯವರು ಗ್ರೈಂಡರ್ ಕೈಗೆತ್ತಿಕೊಂಡರು. ನಾನು ತಲೆಯಾಡಿಸಿದೆ. ಕೆಲಸ ಮುಗಿದರೆ ಸಾಕಾಗಿತ್ತು ನನಗೆ.

‘ಬೇಡ’ ಎಂದರು ನಮ್ಮ ಮನೆಯವರು.

ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದಕ್ಕೆ ಎಲ್ಲರೂ ತಿರುಗಿದೆವು.

‘ಕತ್ತರಿಸಿ ಹಾಕಿದ್ದು ಬೇಡ. ಹೊಸಾ ಪೈಪ್ ತರಿಸಿ, ಹೊಸದಾಗಿ ಮಾಡಿ. ಇವಳು ಕೂರೋದು ಆ ಕಡೆ.’

ಅಷ್ಟು ದಿನ ನಾನು ಅವರ ಬಾಗಿಲು, ಅವರ ಕೈ, ಅವರ ಭಯ ಎಂದೇ ಯೋಚಿಸುತ್ತಿದ್ದೆ. ನಾನು ಕೂರುವ ಕಡೆಗೂ ಒಂದು ಬಾಗಿಲಿದೆ ಎಂದು ಅವರು ಯೋಚಿಸಿದ್ದರು. ಆ ಹಳ್ಳದಲ್ಲಿ ಗಾಡಿ ಬಲಕ್ಕೆ ವಾಲಿದ್ದರೆ ಸಿಕ್ಕಿಬೀಳುತ್ತಿದ್ದವಳು ನಾನು. ಸಿಗ್ನಲ್ಲಿನಲ್ಲಿ ಕೂತು ಅವರು ಅದನ್ನೂ ಲೆಕ್ಕ ಹಾಕುತ್ತಿದ್ದರೋ ಏನೋ. ‘ಧೂಳು’ ಎಂದು ಹೇಳಿ ಸೆರಗಿನಲ್ಲಿ ಕಣ್ಣು ಒರಸಿಕೊಂಡೆ. ಅಂಗಡಿಯವರು ಫ್ಯಾನು ಈ ಕಡೆ ತಿರುಗಿಸಿದರು, ಪಾಪ.

ಮುಂದಿನ ಶನಿವಾರ ಹೊಸ ಬಲಗಡೆಯದು ತಯಾರಾಯಿತು. ಈ ಸಲ ಅಚ್ಚು ಮಗುಚಿದ್ದನ್ನು, ಕಾಲುಗಳು ಅಲುಗದಂತೆ ಮೊದಲು ಚುಕ್ಕಿ ವೆಲ್ಡಿಂಗ್ ಹಾಕಿದ್ದನ್ನು ಇವರು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲೇ ನಿಂತು ನೋಡಿ ಬಂದಿದ್ದರು. ಸ್ಲೈಡರ್ ಕೂರಿಸುವಾಗ ನಾನು ಸ್ಪ್ಯಾನರ್ ತೆಗೆದುಕೊಳ್ಳಲು ಹೋದರೆ, ‘ಇಲ್ಲಿ ಕೊಡು’ ಎಂದು ಇಸಿದುಕೊಂಡರು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲೇ ಗಾಡಿಯ ಕೆಳಗೆ ತೂರಿಕೊಂಡರು. ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ವಾಷರ್ ಬದಲಾಯಿಸಲೂ ನನ್ನನ್ನೇ ಕರೆಯುವ ಮನುಷ್ಯ. ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಒಂದೊಂದು ಬೋಲ್ಟಿಗೂ ‘ಹ್ಞೂಂ’ ಎಂಬ ಸದ್ದು ಬರುತ್ತಿತ್ತು. ಮೊದಲು ನನ್ನ ಕಡೆಯವನ್ನು ಬಿಗಿದರು, ಆಮೇಲೆ ಎಡಗಡೆಯವನ್ನು, ಆಮೇಲೆ ಮತ್ತೆ ನನ್ನ ಕಡೆಗೆ ಬಂದು ಎಲ್ಲವನ್ನೂ ಇನ್ನೊಂದು ಸಲ. ಅಂಗಡಿಯವರು ‘ಸಾರ್, ಸಾಕು, ಬೋಲ್ಟ್ ತಲೆ ಕಿತ್ಕೊಂಡ್ ಬರುತ್ತೆ’ ಎಂದು ಬೇಡಿಕೊಂಡರು. ಹೊರಗೆ ಬಂದಾಗ ಶರ್ಟಿನ ಬೆನ್ನು ನೋಡುವ ಹಾಗಿರಲಿಲ್ಲ. ಆ ಶರ್ಟನ್ನು ಅತ್ತೆ ಆಮೇಲೆ ನೆಲ ಒರಸಲು ತೆಗೆದುಕೊಂಡರು. ಮಿಕ್ಕ ಎರಡನೆಯ ಎಡಗಡೆಯ ಸ್ಲೈಡರ್ ಕಾಂಪೌಂಡಿನ ಪಕ್ಕದಲ್ಲಿ ಮಲಗಿದೆ, ಅದರ ಕಾಲುಗಳ ನಡುವೆ ಈಗ ಅತ್ತೆಯ ದೊಡ್ಡಪತ್ರೆಯ ಕುಂಡಗಳಿವೆ.

ಅದರ ಮಾರನೆಯ ಭಾನುವಾರವೇ ಹೊರಟೆವು. ಎಲ್ಲಿಗೆ ಎಂದು ಇವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಾಗಡಿ ದಾಟಿದ ಮೇಲೆ ಇಬ್ಬರಿಗೂ ಗೊತ್ತಿತ್ತು. ಅತ್ತೆ ಕರಿದುಕೊಟ್ಟ ಕೊಡಬಳೆಯ ಡಬ್ಬಿ ಇವರ ಕಾಲಬಳಿ ಇತ್ತು. ಕೈ ಎಲ್ಲಿದೆ ಎಂದು ನಾನು ನೋಡಲಿಲ್ಲ. ನೋಡಬಾರದು ಎಂದು ಮನೆಯಿಂದ ಹೊರಡುವಾಗಲೇ ನಿರ್ಧಾರ ಮಾಡಿದ್ದೆ.

ಅದೇ ಹಳ್ಳ, ಅದೇ ಬಂಡೆ. ಬಂಡೆಯ ಮೇಲೆ ನಮ್ಮ ಗಾಡಿಯ ಹಳೆಯ ಬಣ್ಣ ಇನ್ನೂ ಗೀಚಿಕೊಂಡಿತ್ತು. ಗೇರ್ ಇಳಿಸಿ ಮೆಲ್ಲಗೆ ಹತ್ತಿಸಿದೆ. ‘ಸ್ವಲ್ಪ ಬಲಕ್ಕೆ’ ಎಂದರು ಇವರು. ‘ಬಲಕ್ಕೆ. ಸಾಕು.’ ಆದರೂ ಎಡ ಚಕ್ರ ಜಾರಿತು, ಅಲ್ಲಿ ಜಾರದೆ ಇರಲು ಸಾಧ್ಯವೇ ಇರಲಿಲ್ಲ. ಗಾಡಿ ಎಡಕ್ಕೆ ವಾಲಿತು. ಗರ್‌ರ್‌ರ್ ಎಂದು ಕಬ್ಬಿಣ ಕಲ್ಲನ್ನು ಉಜ್ಜಿತು, ಖಡ್ ಎಂದು ಒಂದು ಪೆಟ್ಟು, ಅಷ್ಟೇ. ತಗಡು ನಲುಗಿದ ಸದ್ದಿಲ್ಲ. ಗಾಡಿ ಪೈಪಿನ ಮೇಲೆ ಭಾರ ಬಿಟ್ಟು ಓರೆಯಾಗಿ ನಿಂತಿತು.

ನಾನು ಎಂಜಿನ್ ಆರಿಸಿದೆ. ‘ಟಕ್’ ಎಂಬ ಸದ್ದಿಗೆ ಕಾದೆ. ಹಳ್ಳದಲ್ಲಿ ಯಾವುದೋ ಹಕ್ಕಿ ಕೂಗಿತು. ಸದ್ದು ಬರಲಿಲ್ಲ. ಕೊನೆಗೆ ತಡೆಯಲಾರದೆ ತಿರುಗಿದೆ.

ಅವರು ಕೊಡಬಳೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ವಾಲಿದ ಗಾಡಿಯಲ್ಲಿ ಮುಚ್ಚಳ ತೆಗೆಯುವ ಪ್ರಯತ್ನ ನಡೆದಿತ್ತು.

‘ಬಾಗಿಲು ತೆಗೆದು ನೋಡಿ’ ಎಂದೆ.

‘ತೆಗೆಯುತ್ತೆ ಬಿಡೇ’ ಎಂದರು. ‘ಬೋಲ್ಟ್ ಬಿಗಿದಿದ್ದು ನಾನಲ್ವಾ?’

ಎದೆಯ ಮೇಲಿಂದ ಏನೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಅಬ್ಬಾ ಎಂದು ಬಾಯಿಬಿಟ್ಟೇ ಹೇಳಿದೆ. ಅಳುವೂ ನಗುವೂ ಒಟ್ಟಿಗೆ ಬಂದು ಸ್ಟೀರಿಂಗಿನ ಮೇಲೆ ತಲೆಯಿಟ್ಟುಕೊಂಡೆ. ಗಾಡಿ ಮಾರಬೇಕಾಗಿಲ್ಲ. ಇನ್ನು ಒಬ್ಬಳೇ ಹೋಗಬೇಕಾಗಿಲ್ಲ. ಅವರಿಗೆ ನಂಬಿಕೆ ಬಂದಿತ್ತು, ನನಗೆ ಬಂದಿರಲಿಲ್ಲ. ನನ್ನ ಕಡೆಯಿಂದ ಇಳಿದು, ಬಂಡೆ ಸುತ್ತಿಕೊಂಡು ಆ ಕಡೆ ಹೋಗಿ, ಹೊರಗಿನಿಂದ ಅವರ ಬಾಗಿಲಿನ ಹಿಡಿ ಎಳೆದೆ. ಬಾಗಿಲು ಸಲೀಸಾಗಿ ತೆರೆದುಕೊಂಡು ಬಂತು. ಮುಚ್ಚಿದೆ. ಮತ್ತೆ ತೆರೆದೆ.

ಇವರು ಬಾಯಿಯಲ್ಲಿ ಕೊಡಬಳೆ ಇಟ್ಟುಕೊಂಡೇ ನನ್ನನ್ನು ನೋಡಿ, ‘ಬಾಗಿಲು ಹಾಕೇ, ಧೂಳು ಬರ್ತಿದೆ’ ಎಂದರು.